ಕಾಣೆಯಾದ ಏಳು ಸಾಲು

"ಸರ್, ನಾನು ಅದನ್ನ ಫಿಕ್ಸ್ ಮಾಡಿದ್ದೆ" ಅಂದಳು ಆ ಹುಡುಗಿ. ಟೀಮಿಗೆ ಸೇರಿ ಐದು ತಿಂಗಳಾಗಿತ್ತಷ್ಟೆ.

ಪೇಮೆಂಟ್ ಬಟನ್ ಎರಡು ಸಲ ಒತ್ತಿದರೆ ಗ್ರಾಹಕನ ದುಡ್ಡೂ ಎರಡು ಸಲ ಹೋಗುತ್ತಿತ್ತು. ಹಿಂದಿನ ತಿಂಗಳೇ ಸರಿಹೋಯ್ತು ಅಂದುಕೊಂಡಿದ್ದ ಆ ಬಗ್, ಶುಕ್ರವಾರ ಸಂಜೆ ಎಲ್ಲರೂ ಊರಿನ ಬಸ್ಸು ಹಿಡಿಯೋ ಹೊತ್ತಿಗೆ ಸರಿಯಾಗಿ ವಾಪಸ್ ಬಂದು ಕೂತಿತ್ತು.

ಅವಳ ಎದುರಿಗೇ ಗಿಟ್ ಲಾಗ್ ತೆಗೆದು ಆ ಫೈಲಿನ ಹೆಸರು ಕೊಟ್ಟೆ. ಪಟ್ಟಿಯಲ್ಲಿ ಅವಳ ಕಮಿಟ್ಟೇ ಇಲ್ಲ. "ಎಲ್ಲಮ್ಮಾ ಇದೆ? ತೋರಿಸು" ಅಂದೆ. ಸ್ವಲ್ಪ ಜೋರಾಗೇ ಅಂದೆ. ಅಕ್ಕಪಕ್ಕದವರು ಹೆಡ್‌ಫೋನ್ ತೆಗೆದರು. ಅವಳು ಮಾತಾಡದೆ ಹೋಗಿ ತನ್ನ ಸೀಟಿನಲ್ಲಿ ಕೂತಳು.

ರಾತ್ರಿ ಒಬ್ಬನೇ ಕೂತು ಬೈಸೆಕ್ಟ್ ಶುರು ಮಾಡಿದೆ. ನಾವು ಡಿಕ್ಷನರಿಯಲ್ಲಿ ಪದ ಹುಡುಕೋ ಹಾಗೇ ಇದು. ಸರಿಯಿದ್ದ ಒಂದು ದಿನ, ಕೆಟ್ಟಿರೋ ಒಂದು ದಿನ ಹೇಳಿದರೆ ಗಿಟ್ ನಡುಮಧ್ಯಕ್ಕೆ ಕರೆದೊಯ್ದು "ಇಲ್ಲಿ ಹೇಗಿದೆ?" ಅನ್ನುತ್ತೆ. 64 ಬದಲಾವಣೆಗಳಿದ್ದರೂ 6 ಸಲ ನೋಡಿದರೆ ಸಾಕು. ಬ್ರಾಂಚುಗಳ ಒಳಗೆ ಇಳಿದು ದಾರಿ ತಪ್ಪದಿರಲಿ ಅಂತ ಫಸ್ಟ್-ಪೇರೆಂಟ್ ಅಂತಲೂ ಸೇರಿಸಿದ್ದೆ. ಕೊನೆಗೆ ಅದು ಬೆರಳು ತೋರಿಸಿದ್ದು ಒಂದು ಮರ್ಜ್ ಕಡೆಗೆ.

ಗಿಟ್ ಶೋ ಕೊಟ್ಟು ನೋಡಿದೆ. ಬದಲಾವಣೆ ಏನೂ ಇಲ್ಲ, ಖಾಲಿ! ಆಮೇಲೆ ಹೊಳೀತು. ಮರ್ಜ್ ವಿಷಯದಲ್ಲಿ ಗಿಟ್ ತೋರಿಸೋದು ಎರಡೂ ಕಡೆಗಿಂತ ಬೇರೆಯಾಗಿ ಬಂದಿದ್ದನ್ನ ಮಾತ್ರ. ಒಂದು ಕಡೆಯ ಫೈಲನ್ನೇ ಇಡಿಯಾಗಿ ಇಟ್ಟುಕೊಂಡು ಇನ್ನೊಂದನ್ನ ಎಸೆದುಬಿಟ್ಟರೆ ಅದರ ಲೆಕ್ಕದಲ್ಲಿ ಹೇಳುವಂಥದ್ದು ಏನೂ ಇಲ್ಲ. ಅಷ್ಟೇ ಅಲ್ಲ, ಫೈಲಿನ ಹೆಸರು ಕೊಟ್ಟು ಲಾಗ್ ಕೇಳಿದರೆ ಗೆದ್ದ ಕಡೆಯ ಚರಿತ್ರೆಯನ್ನಷ್ಟೇ ಹೇಳಿ, ಸೋತ ಕಡೆಯನ್ನ ಬಿಟ್ಟೇಬಿಡುತ್ತೆ. ಫುಲ್-ಹಿಸ್ಟರಿ ಅಂತ ಸೇರಿಸಿ ಮತ್ತೆ ಕೇಳಿದೆ. ಅವಳ ಕಮಿಟ್ ಬಂತು. ಮೊದಲನೇ ಪೇರೆಂಟ್ ಜೊತೆ ಡಿಫ್ ಹಾಕಿದೆ. ಅವಳು ಬರೆದಿದ್ದ ಏಳು ಸಾಲು ಕೆಂಪು ಬಣ್ಣದಲ್ಲಿ ಅಳಿದುಹೋಗಿದ್ದವು.

ಮರ್ಜ್ ಮಾಡಿದವರ ಹೆಸರು ನೋಡಿದೆ. ನನ್ನದೇ.

ನೆನಪಾಯ್ತು. ಮೂರು ವಾರ ಸುಮ್ಮನೆ ಇಟ್ಟುಕೊಂಡಿದ್ದ ನನ್ನ ಬ್ರಾಂಚನ್ನ ಮೇನ್‌ಗೆ ಸೇರಿಸುವಾಗ ಕಾನ್‌ಫ್ಲಿಕ್ಟ್ ಬಂದಿತ್ತು. ಊಟಕ್ಕೆ ಎದ್ದು ನಿಂತಿದ್ದೆ. "ನನ್ನ ಫೈಲೇ ಸರಿ" ಅಂತ ಒಂದು ಕ್ಲಿಕ್. ಎದುರಿನ ಸಾಲುಗಳು ಯಾರವು, ಯಾಕಿವೆ ಅಂತ ಓದಲೇ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅಂತಾರೆ. ನನಗಂತೂ ಬೇಕಾಗಿತ್ತು.

ಈ ಸಲ ಎರಡೂ ಕಡೆ ಓದಿ ಆ ಏಳು ಸಾಲು ವಾಪಸ್ ಸೇರಿಸಿದೆ. ಬಟನ್ ಎರಡು ಸಲ ಒತ್ತಿದರೆ ದುಡ್ಡು ಮತ್ತೆ ಹೋಗಬಾರದು ಅಂತ ಒಂದು ಟೆಸ್ಟನ್ನೂ ಬರೆದೆ. ಅದು ಮೊದಲೇ ಇದ್ದಿದ್ದರೆ ನನ್ನ ಕ್ಲಿಕ್ಕು ಆವತ್ತೇ ಸಿಕ್ಕಿಬೀಳುತ್ತಿತ್ತು.

ಸೋಮವಾರದ ಸ್ಟ್ಯಾಂಡಪ್ಪಿನಲ್ಲಿ, ಶುಕ್ರವಾರ ಹೆಡ್‌ಫೋನ್ ತೆಗೆದವರೆಲ್ಲ ಇದ್ದಾಗಲೇ, "ಅವಳು ಫಿಕ್ಸ್ ಮಾಡಿದ್ದಳು, ಅಳಿಸಿದ್ದು ನಾನು, ಬೈದಿದ್ದೂ ನಾನೇ" ಅಂದೆ. ಅವಳು ತಲೆ ಅಲ್ಲಾಡಿಸಿದಳಷ್ಟೆ.

ಮಧ್ಯಾಹ್ನ ಟೀ ಕುಡಿಯುವಾಗ ಅಂದಳು: "ಎರಡು ದಿನ ನನಗೇ ಡೌಟಾಗಿತ್ತು ಸರ್. ಬರೆದೆ ಅಂತ ಸುಮ್ಮನೆ ಅಂದ್ಕೊಂಡಿದೀನೇನೋ ಅಂತ."

ಬಗ್ ಒಂದೇ ರಾತ್ರಿಯಲ್ಲಿ ಹೋಯ್ತು. ಈ ಮಾತು ಇನ್ನೂ ಹೋಗಿಲ್ಲ. ಈಗ ಕಾನ್‌ಫ್ಲಿಕ್ಟ್ ಬಂದರೆ ಕ್ಲಿಕ್ ಮಾಡೋ ಮುಂಚೆ ಆ ಸಾಲು ಬರೆದವರ ಸೀಟಿನ ಹತ್ತಿರ ಹೋಗಿ "ಸ್ವಲ್ಪ ಬರ್ತೀರಾ?" ಅಂತೀನಿ.