ತಿಂಗಳಿಗೊಂದು ಐತಿಹಾಸಿಕ ಕಾದಂಬರಿ

ಕಾದಂಬರಿಯನ್ನೋದುವುದು ಕಾಲಹರಣವೆಂದೂ, ಅದರಲ್ಲಿಯೂ ಎಂದೋ ಅಳಿದುಹೋದ ದೊರೆಗಳ ಕಾದಂಬರಿಯನ್ನೋದುವುದು ಶುದ್ಧ ಕಾಲಹರಣವೆಂದೂ ಹೇಳುವ ಹಿರಿಯರು ನಮ್ಮ ಬಂಧುವರ್ಗದಲ್ಲಿ ಇಂದಿಗೂ ಇದ್ದಾರೆ. ಅವರೊಡನೆ ನಾವು ವಾದಕ್ಕೆ ನಿಲ್ಲುವುದಿಲ್ಲ. ಶೇಂಗಾದ ಧಾರಣೆಯೂ, ಅಂಗಡಿಯ ಲೆಕ್ಕವೂ, ಮಳೆ ಬಂದೀತೋ ಬಾರದೋ ಎಂಬ ಚಿಂತೆಯೂ ಹಗಲನ್ನೆಲ್ಲ ನುಂಗಿಬಿಡುವ ಚಳ್ಳಕೆರೆಯಂಥ ಊರಿನಲ್ಲಿ, ರಾತ್ರಿ ಊಟವಾದ ಮೇಲಿನ ಒಂದು ಗಂಟೆಯನ್ನು ನಾವು ಹಳೆಯ ಕಾಲಕ್ಕೆ ಮೀಸಲಿಟ್ಟಿದ್ದೇವೆ. ಅಷ್ಟರಿಂದ ಯಾರ ಮನೆಯೂ ಮುಳುಗಿಲ್ಲ.

ನಮ್ಮ ಪದ್ಧತಿ ಇಷ್ಟು. ತಿಂಗಳಿಗೆ ಒಂದೇ ಪುಸ್ತಕ. ಅಮಾವಾಸ್ಯೆ ಕಳೆದ ಮರುದಿನ ಮೊದಲ ಪುಟ. ಮುಂದಿನ ಅಮಾವಾಸ್ಯೆಯೊಳಗೆ ಮುಗಿಯತಕ್ಕದ್ದು. ಒಬ್ಬರು ಗಟ್ಟಿಯಾಗಿ ಓದಬೇಕು, ಮಿಕ್ಕವರು ಕೈಕೆಲಸ ಮಾಡುತ್ತ ಕೇಳಬೇಕು. ಹೂಬತ್ತಿ ಹೊಸೆಯುವುದು, ಶೇಂಗಾ ಸುಲಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಇವೆಲ್ಲ ಕಾದಂಬರಿಗೆ ಚೆನ್ನಾಗಿ ಹೊಂದುವ ಕೆಲಸಗಳು. (ರೊಟ್ಟಿ ತಟ್ಟುವುದು ಹೊಂದುವುದಿಲ್ಲ, ಯುದ್ಧದ ಪ್ರಸಂಗಗಳಲ್ಲಿ ಏನೊಂದೂ ಕೇಳಿಸುವುದಿಲ್ಲ.) ಮರುದಿನದ ಪುಟಗಳನ್ನು ಹಗಲಿನಲ್ಲಿ ಕದ್ದು ಓದಿದವರಿಗೆ ಅಂದು ರಾತ್ರಿ ಓದುವ ಸರದಿಯೇ ಶಿಕ್ಷೆ. ಪುಸ್ತಕ ಮುಗಿದೊಡನೆ ನಮಗೆ ತೋರಿದ ಗುಣದೋಷಗಳನ್ನು ಒಂದು ಚೀಟಿಯಲ್ಲಿ ಬರೆದು, ಪುಸ್ತಕದೊಳಗಿಟ್ಟು, ಪರಿಚಯದವರ ಕೈಯಲ್ಲಿ ಮೊಳಕಾಲ್ಮುರಿನ ನಮ್ಮ ಭಾವನವರಿಗೆ ಬಸ್ಸಿನಲ್ಲಿ ಕಳುಹಿಸುವುದುಂಟು. ಅವರದು ರೇಷ್ಮೆ ಸೀರೆಯ ವ್ಯಾಪಾರ. ಅವರು ನಮ್ಮ ಚೀಟಿಯ ಬೆನ್ನಿನ ಮೇಲೆಯೇ ತಮ್ಮ ಆಕ್ಷೇಪಣೆಗಳನ್ನು ಬರೆದು ಹಿಂದಕ್ಕೆ ಕಳುಹಿಸುತ್ತಾರೆ. ಭಾವನವರು ನಮ್ಮ ಅಭಿಪ್ರಾಯವನ್ನು ಒಪ್ಪಿದ ಚೀಟಿ ಇದುವರೆಗೆ ಒಂದೂ ದೊರೆತಿಲ್ಲ.

ಈ ಬಗೆಯ ಓದಿಗೆ ನಮ್ಮ ಸೀಮೆಯಷ್ಟು ತಕ್ಕ ಸೀಮೆ ಬೇರೆಲ್ಲಿಯೂ ಇಲ್ಲವೆಂದು ನಾವು ಹೇಳಿದರೆ ವಾಚಕರು ನಗಬಹುದು. ಕಣ್ಣಿಗೆ ಕಾಣುವುದು ಬರಿಯ ಕಲ್ಲುಗುಡ್ಡ, ಜಾಲಿ, ಕುರಿಮಂದೆ, ಅಲ್ಲಲ್ಲಿ ಕಂಬಳಿ ನೇಯುವವರ ಮಗ್ಗ. ಆದರೂ ಕನ್ನಡದ ಐತಿಹಾಸಿಕ ಕಾದಂಬರಿಯ ಎರಡು ದೊಡ್ಡ ಹೆಸರುಗಳ ಮೂಲ ಇದೊಂದೇ ತಾಲ್ಲೂಕಿನಲ್ಲಿದೆ. ತ. ರಾ. ಸುಬ್ಬರಾಯರ ಹೆಸರಿನ ಮೊದಲಲ್ಲಿರುವ ‘ತ’ಕಾರವು ಬಳ್ಳಾರಿಯ ದಾರಿಯಲ್ಲಿರುವ ತಳುಕು. ಅವರು 1920ರಲ್ಲಿ ಹುಟ್ಟಿದುದು ಮಲೇಬೆನ್ನೂರಿನಲ್ಲಾದರೂ ಮನೆತನದ ಊರು ಅದೇ. ಕುವೆಂಪುರವರು ಶ್ರೀರಾಮಾಯಣ ದರ್ಶನವನ್ನು ಅರ್ಪಿಸಿದ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರೂ ಅದೇ ಊರಿನವರು, ಸುಬ್ಬರಾಯರಿಗೆ ದೊಡ್ಡಪ್ಪಂದಿರು. ಇನ್ನು ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಬರೆದ ಸಿ. ಕೆ. ನಾಗರಾಜರಾಯರು 1915ರಲ್ಲಿ ಹುಟ್ಟಿದುದು ಚಳ್ಳಕೆರೆಯಲ್ಲಿಯೇ. ಎಣ್ಣೆಯ ಗಾಣಗಳಿಗೆ ಹೆಸರಾದ ಊರೆಂದು ನಮ್ಮನ್ನು ಹಾಸ್ಯ ಮಾಡುವ ನೆಂಟರಿಗೆ ನಾವು ಕೊಡುವ ಉತ್ತರ ಇದೊಂದೇ.

ಹಳಬರ ಮಾತನ್ನು ಬೇಗನೆ ಮುಗಿಸುತ್ತೇವೆ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಕೇಳಿದ ಮೇಲೆ, ವಿಜಯನಗರದ ಸ್ಥಾಪನೆಯನ್ನು ಹೇಳುವ ಅವರ ‘ಮಾಧವ ಕರುಣಾವಿಲಾಸ’ವನ್ನು ಒಮ್ಮೆಯಾದರೂ ಓದದಿರುವುದು ಕೃತಘ್ನತೆಯೆಂದು ನಮಗೆ ತೋರಿತು. ಓದಿದೆವು. ಈಗಿನ ಹುಡುಗರಿಗೆ ಆ ಭಾಷೆ ಭಾರ. ನಮ್ಮ ಮಕ್ಕಳು ಎರಡನೆಯ ವಾರಕ್ಕೆ ತೂಕಡಿಸಿದರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬೇರೆಯ ಜಾತಿಯದು. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ ಕಥೆಯನ್ನು ಹೇಳುವಾಗಲೂ ಅವರು ಎಲ್ಲಿಯೂ ದನಿಯೆತ್ತುವುದಿಲ್ಲ. ಕೆಟ್ಟ ಅರಸನನ್ನೂ ಮನೆಯ ಕೆಟ್ಟ ಹುಡುಗನನ್ನು ನೋಡುವಂತೆ ನೋಡುತ್ತಾರೆ. ವಯಸ್ಸಾದವರು ಓದತಕ್ಕ ಪುಸ್ತಕವದು.

ಸುಬ್ಬರಾಯರದಾದರೋ ಯೌವನದ ಬರವಣಿಗೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಈ ಮೂರನ್ನು ನಮ್ಮ ಮನೆಯಲ್ಲಿ ಮೂರು ತಿಂಗಳು ಸಾಲಾಗಿ ಓದುವುದು ರೂಢಿ. ನಡುವೆ ಬೇರೆ ಪುಸ್ತಕ ಬಂದರೆ ದಳವಾಯಿ ಮುದ್ದಣ್ಣನ ಮೇಲಿನ ಸಿಟ್ಟು ಆರಿಹೋಗುತ್ತದೆ. ದುರ್ಗದಲ್ಲಿ ನಾಯಕನು ಹೆಸರಿಗೆ ಮಾತ್ರ ನಾಯಕನಾಗಿ, ದಳವಾಯಿಯ ಕೈಯೇ ಮೇಲಾಗಿ, ಅರಮನೆಯೊಳಗೆ ರಕ್ತ ಹರಿದು, ಕೊನೆಗೆ 1689ರಲ್ಲಿ ಭರಮಣ್ಣನಾಯಕನಿಗೆ ಪಟ್ಟವಾಗುವವರೆಗಿನ ಆ ಕಾಲದ ತಳಮಳವನ್ನು ಅವರು ಹೇಳುವ ರೀತಿಯಲ್ಲಿ ಒಂದು ದೋಷವುಂಟು. ಪಾತ್ರಗಳು ಅತಿಯಾಗಿ ಮಾತನಾಡುತ್ತವೆ. ಸಾಯುವವನೂ ಸಾವಕಾಶವಾಗಿಯೇ ಸಾಯುತ್ತಾನೆ. ಗಟ್ಟಿಯಾಗಿ ಓದುವವರಿಗೆ ಇದು ತಕ್ಷಣ ತಿಳಿಯುತ್ತದೆ, ಏಕೆಂದರೆ ಗಂಟಲು ಅವರದು. ಆದರೆ ಕೋಟೆಯ ವರ್ಣನೆ ಬಂದಾಗ ಈ ದೂರು ಉಳಿಯುವುದಿಲ್ಲ. ಯಾವ ಬಾಗಿಲಿನ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುವುದು, ಯಾವ ಬಂಡೆಯ ಹಿಂದೆ ಒಬ್ಬ ನಿಂತರೆ ಕಾಣನು ಎಂಬುದೆಲ್ಲ ಆ ಕಲ್ಲುಗಳ ನಡುವೆ ಆಡಿ ಬೆಳೆದವರಿಗೆ ಮಾತ್ರ ತಿಳಿಯತಕ್ಕದ್ದು.

ಅವರು ಕೊನೆಗೆ ಬರೆದ ‘ದುರ್ಗಾಸ್ತಮಾನ’ವು 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದು, ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ ಕಥೆ. 1984ರಲ್ಲಿ ಸುಬ್ಬರಾಯರು ತೀರಿಕೊಂಡರು. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಈ ಪುಸ್ತಕಕ್ಕೆ ಬಂದಿತು. ಇದನ್ನು ಮುಗಿಸಲು ನಮಗೆ ಒಂದು ತಿಂಗಳು ಸಾಲದು. ನಿಯಮ ಮುರಿಯುವ ಪುಸ್ತಕ ಇದೊಂದೇ. ಓದುವಾಗ ಪ್ರತಿ ಸಲವೂ ಮನೆಯಲ್ಲಿ ಒಂದು ಜಗಳವಾಗುತ್ತದೆ. ಕೋಟೆ ಬಿದ್ದುದು ಯಾರಿಂದ? ಗೆದ್ದವರ ಕಡೆಯವರು ಬರೆದಿಟ್ಟುದು ಒಂದು, ಆಮೇಲೆ ಇಂಗ್ಲಿಷ್ ಅಧಿಕಾರಿಗಳು ಬರೆದುದು ಇನ್ನೊಂದು, ನಮ್ಮ ಹಟ್ಟಿಗಳಲ್ಲಿ ಮ್ಯಾಸಬೇಡರ ಮುದುಕರು ಹೇಳುವುದು ಮತ್ತೊಂದು, ಕಾದಂಬರಿಯದು ನಾಲ್ಕನೆಯದು. ನಮ್ಮ ಹಿರಿಯ ಮಗನು ಶಾಲೆಯಲ್ಲಿದ್ದಾಗ ಒಂದು ದಿನ, ಈ ಪುಸ್ತಕದ ಆವೇಶದಲ್ಲಿ, ಬೀದಿಯ ಕೊನೆಯಲ್ಲಿರುವ ಸಾಹೇಬರ ಮಗನೊಡನೆ ಮಾತು ಬಿಟ್ಟು ಬಂದನು. ಆ ಹುಡುಗನು ಇವನಿಗೆ ಗಾಳಿಪಟದ ಜೊತೆಗಾರ. ಅಂದು ರಾತ್ರಿ ನಾವು ಓದನ್ನು ನಿಲ್ಲಿಸಿ, ಅದೇ ಕಾಲದ ದುರ್ಗವನ್ನು ಕುರಿತ ‘ಹಂಸಗೀತೆ’ಯನ್ನು ತೆಗೆದುಕೊಂಡೆವು. ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನ ಕಥೆಯದು. ಅದರಲ್ಲಿ ಯುದ್ಧವಿದ್ದರೂ ಮನಸ್ಸು ನಿಲ್ಲುವುದು ಸಂಗೀತದಲ್ಲಿ. ಮುಗಿಯುವ ಹೊತ್ತಿಗೆ ಗಾಳಿಪಟದ ಕಾಲವೂ ಬಂದಿತ್ತು. ಹುಡುಗರು ತಾವಾಗಿ ಕೂಡಿಕೊಂಡರು. ಹಾಗೆಂದು ‘ದುರ್ಗಾಸ್ತಮಾನ’ವನ್ನು ಮಕ್ಕಳ ಕೈಗೆ ಕೊಡಬಾರದೆನ್ನುವ ಪಕ್ಷ ನಮ್ಮದಲ್ಲ. ಕೊಡಬೇಕು, ಕೊಟ್ಟಾಗ ಹಿರಿಯರು ಹತ್ತಿರ ಕುಳಿತಿರಬೇಕು.

ನಮ್ಮ ಓದಿನಲ್ಲಿ ಎಂದೆಂದಿಗೂ ಮರೆಯಲಾಗದ ತಿಂಗಳುಗಳು ‘ಶಾಂತಲದೇವಿ’ಯವು. ನಾಲ್ಕು ದಪ್ಪ ಸಂಪುಟಗಳು, ನಾಲ್ಕು ತಿಂಗಳು. ಆಗ ನಮ್ಮ ಸೋದರತ್ತೆಯವರು ಮನೆಯಲ್ಲಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಹತ್ತನೆಯ ವರ್ಷ ಅವರ ಯಜಮಾನರಿಗೆ ಎರಡನೆಯ ಮದುವೆಯಾಯಿತು. ಅತ್ತೆ ಒಂದು ಟ್ರಂಕಿನೊಡನೆ ತವರಿಗೆ ಬಂದು, ನಮ್ಮನ್ನೆಲ್ಲ ಎತ್ತಿ ಆಡಿಸಿ ಬೆಳೆಸಿದರು. ಶಾಂತಲೆಯ ವಿಷಯವಾಗಿ ಜನ ಹೇಳುವ ಕಥೆಯನ್ನು ವಾಚಕರು ಬಲ್ಲರು. ಮಕ್ಕಳಿಲ್ಲದ ಆ ರಾಣಿಯು ವಿಷ್ಣುವರ್ಧನನಿಗೆ ಇನ್ನೊಬ್ಬಳನ್ನು ತಂದು, ತಾನು ಶಿವಗಂಗೆಯ ಬೆಟ್ಟದಿಂದ ಹಾರಿದಳೆಂಬ ಕಥೆ. ಎರಡನೆಯ ಮದುವೆಯ ಮಾತುಕತೆ ನಡೆದಾಗ ಹಿರಿಯರೊಬ್ಬರು ಇದೇ ಕಥೆಯನ್ನು ಅತ್ತೆಗೆ ಹೇಳಿ, ಮಹಾತಾಯಿಯರು ಹೀಗೆ ಜಾಗ ಬಿಟ್ಟುಕೊಟ್ಟಿದ್ದಾರೆಂದು ಸಮಾಧಾನ ಮಾಡಿದ್ದರಂತೆ. ಸಮಾಧಾನವೆಂಬ ಪದ ಅವರದು.

ನಾಗರಾಜರಾಯರು ಈ ಕಥೆಯನ್ನು ಒಪ್ಪಿದವರಲ್ಲ. ಶಾಸನಗಳನ್ನು ವರ್ಷಗಟ್ಟಲೆ ಅರಸಿ, ಶಾಂತಲೆಯನ್ನು ಮಕ್ಕಳ ತಾಯಿಯಾಗಿ, ರಾಜಕಾರ್ಯ ಬಲ್ಲವಳಾಗಿ, ನೃತ್ಯ ಶಿಲ್ಪಗಳಲ್ಲಿ ಪರಿಣತಳಾಗಿ ಚಿತ್ರಿಸಿದರು. ಭಾರತೀಯ ಜ್ಞಾನಪೀಠದವರು ಮೂರ್ತಿದೇವಿ ಪ್ರಶಸ್ತಿಯನ್ನು ಮೊಟ್ಟಮೊದಲು ಕೊಟ್ಟುದು ಈ ಪುಸ್ತಕಕ್ಕೆ. ಮೂರನೆಯ ತಿಂಗಳಿನಲ್ಲಿ ಒಂದು ರಾತ್ರಿ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, “ಅವಳು ಹಾರಿದಳೆಂದು ಕಲ್ಲಿನ ಮೇಲೆ ಬರೆದಿದೆಯೇನಪ್ಪಾ?” ಎಂದು ಕೇಳಿದರು.

ನಾವು ಹೇಳಿದೆವು. ಶ್ರವಣಬೆಳಗೊಳದ ಶಾಸನವೊಂದುಂಟು, ಶಾಂತಲದೇವಿಯು ಶಕವರ್ಷ 1053ರಲ್ಲಿ, ಎಂದರೆ 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದೂ, ಆ ದುಃಖವನ್ನು ತಾಳಲಾರದೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸನ್ಯಸನವಿಧಿಯಿಂದ ದೇಹ ಬಿಟ್ಟಳೆಂದೂ ಅದರಲ್ಲಿದೆ. ಮಗಳು ಬೆಟ್ಟದಿಂದ ಹಾರಿದಳೆಂಬ ಮಾತು ಅಲ್ಲಿಲ್ಲ. ಜನರ ಕಥೆ ಹುಟ್ಟಿದುದು ಆ ಒಂದು ಮೌನದಲ್ಲಿ. ಅವಳೇ ಬೆಳಗೊಳದಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಇಂದಿಗೂ ನಿಂತಿದೆ. ಸವತಿಯರೆಂಬ ಆನೆಗಳಿಗೆ ತಾನು ಮದಗಜವೆಂಬುದು ಆ ಬಿರುದಿನ ಭಾವ. ಆ ಬಿರುದನ್ನು ಹೊತ್ತವಳು ಸವತಿಗೆ ಜಾಗ ಬಿಡಲು ಹಾರಿದಳೆಂಬುದು ನಮಗೆ ನಂಬತಕ್ಕುದಾಗಿ ತೋರುವುದಿಲ್ಲ.

ಅತ್ತೆ ಬಿರುದಿನ ಅರ್ಥವನ್ನು ಎರಡು ಸಲ ಹೇಳಿಸಿಕೊಂಡು ನಕ್ಕರು. ಅವರು ಅಷ್ಟು ಗಟ್ಟಿಯಾಗಿ ನಕ್ಕುದನ್ನು ನಾವು ಕೇಳಿರಲಿಲ್ಲ. ಅವರಿಗೆ ಈ ಪುಸ್ತಕದಿಂದ ಪೂರ್ಣ ತೃಪ್ತಿಯಾಗಿರಬೇಕೆಂದುಕೊಂಡು ನಾಲ್ಕನೆಯ ಸಂಪುಟ ಮುಗಿದಾಗ ಚೀಟಿಗೆ ಅವರ ಅಭಿಪ್ರಾಯವನ್ನೂ ಕೇಳಿದೆವು. “ಪುಸ್ತಕ ಚೆನ್ನಾಗಿದೆ. ಆದರೆ ಇವಳಿಗೆ ಮಕ್ಕಳಿದ್ದರಲ್ಲ, ಇವಳು ಹಾರದೆ ಇದ್ದುದರಲ್ಲಿ ಏನು ಹೆಚ್ಚು? ಮಕ್ಕಳಿಲ್ಲದೆಯೂ ಹಾರದೆ ಇದ್ದವಳ ಕಥೆಯನ್ನು ಯಾರಾದರೂ ಬರೆದಿದ್ದರೆ ತೆಗೆದುಕೊಂಡು ಬಾ” ಎಂದರು. ಚೀಟಿಯಲ್ಲಿ ಹಾಗೆಯೇ ಬರೆದೆವು. ಭಾವನವರು ಆ ಒಂದು ಚೀಟಿಯ ಬೆನ್ನಿನ ಮೇಲೆ ಏನನ್ನೂ ಬರೆಯಲಿಲ್ಲ. ಅತ್ತೆ ಹೇಳಿದಂಥ ಪುಸ್ತಕವನ್ನು ನಾವು ಇನ್ನೂ ಹುಡುಕುತ್ತಲೇ ಇದ್ದೇವೆ. ಕೇಳಬೇಕಾದ ಅವರು ಈಗಿಲ್ಲ.

ಬರೆಯದೆ ಉಳಿದ ಕಾದಂಬರಿಗಳ ಮಾತು ಬಂದುದರಿಂದ ಮೊಳಕಾಲ್ಮುರಿನ ಕಡೆಯದೊಂದನ್ನು ಹೇಳಬೇಕು. ಅಲ್ಲಿಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನೆಲವನ್ನು ಅಗೆಸಿ ನೋಡಿದರು. ಸುವರ್ಣಗಿರಿಯಿಂದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ, ಚಕ್ರವರ್ತಿಯ ಮಾತನ್ನು ತಿಳಿಸುವಂತೆ ಆ ಶಾಸನ ಮೊದಲಾಗುತ್ತದೆ. ತಂದೆತಾಯಿಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ಹೇಳಬೇಕು ಎಂದು ಮುಂದುವರಿಯುತ್ತದೆ. ಕೊನೆಯಲ್ಲಿ ಬರೆದವನ ಹೆಸರು: ಚಪಡ. ಉಳಿದೆಲ್ಲ ಬ್ರಾಹ್ಮೀಲಿಪಿ, ಆದರೆ ತಾನು ಲಿಪಿಕಾರನೆಂಬ ಪದವೊಂದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಲಿಪಿಯದು. ಅಷ್ಟು ದೂರದ ಲಿಪಿಯನ್ನು ಕಲಿತವನೊಬ್ಬನು ನಮ್ಮ ಈ ಬಿಸಿಲಿಗೆ ಬಂದು, ಇಲ್ಲಿ ಒಬ್ಬರಿಗೂ ತಿಳಿಯದ ಅಕ್ಷರಗಳಲ್ಲಿ ತನ್ನ ಕಸುಬಿನ ಹೆಸರನ್ನು ಏಕೆ ಕೆತ್ತಿದನು? ಊರಿನ ನೆನಪೋ, ವಿದ್ಯೆಯ ಜಂಬವೋ? ದಳವಾಯಿಗಳ ಕತ್ತಿವರಸೆಗಿಂತ ಇದು ನಮ್ಮನ್ನು ಹೆಚ್ಚು ದಿನ ನಿದ್ದೆಗೆಡಿಸಿದೆ. ಭಾವನವರ ಅಭಿಪ್ರಾಯದಲ್ಲಿ ಅದು ನೇಕಾರನು ಸೆರಗಿನ ಮೂಲೆಯಲ್ಲಿ ಬಿಡುವ ಗುರುತಿನಂಥದು, ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬಾರದು. ಅವರು ಆ ಬಂಡೆಗೆ ಹತ್ತಿರದವರು, ಇರಬಹುದು.

ಈ ತಿಂಗಳು ನಮ್ಮಲ್ಲಿ ನಡೆದಿರುವುದು ‘ತಿರುಗುಬಾಣ’. ನಾಡಿದ್ದು ಅಮಾವಾಸ್ಯೆ, ಇನ್ನು ಮೂವತ್ತು ಪುಟಗಳಿವೆ. ಓದುವ ಸರದಿ ಕಿರಿಯ ಸೊಸೆಯದು. ನಿನ್ನೆ ಮಧ್ಯಾಹ್ನ ಅವಳು ಅಡಿಗೆಮನೆಯಲ್ಲಿ ಪುಸ್ತಕವನ್ನು ಮುಚ್ಚಿಟ್ಟುದನ್ನು ಕಂಡವರಿದ್ದಾರೆ.