ಹೊಳೆಯ ದಡದಲ್ಲೊಂದು ಬೀಡು

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ನೀರೆಂದರೆ ಕೆರೆ. ಮಳೆ ಬಂದರೆ ತುಂಬುವುದು, ಬಾರದಿದ್ದರೆ ಬತ್ತುವುದು. ತುಂಬಿದ ಮೇಲೆ ಇದ್ದಲ್ಲಿಯೇ ಇರುವುದು. ಸಂಜೆ ಎಲ್ಲಿ ದಡವೋ ಬೆಳಿಗ್ಗೆಯೂ ಅಲ್ಲಿಯೇ ದಡ. ಈ ನಂಬಿಕೆಯ ಮೇಲೆ ಒಬ್ಬ ಕನ್ನಡ ಪಂಡಿತರು ಹದಿನಾಲ್ಕು ವರ್ಷ ತಮ್ಮ ವಿದ್ಯಾರ್ಥಿಗಳನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ದಡಕ್ಕೆ ಕರೆದೊಯ್ದು ಬೀಡುಬಿಡಿಸಿದ್ದರು. ಶಾಂತಿಸಾಗರವೆಂದೂ ಹೆಸರುಳ್ಳ ಆ ಕೆರೆಯನ್ನು ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದವರ ಬುದ್ಧಿಯನ್ನು ಅವರು ಪ್ರತಿವರ್ಷವೂ ಕೊಂಡಾಡುವರು. ಹುಡುಗರು ಅನ್ನ ಬೇಯಿಸುವರು, ಗಮಕದ ಪಾಠವಾಗುವುದು, ರಾತ್ರಿ ಗುಡಾರದಲ್ಲಿ ನಿದ್ರೆ. ಅಷ್ಟರಲ್ಲಿಯೇ ವರ್ಷದ ಸುಖವೆಲ್ಲ ಅಡಗಿರುತ್ತಿತ್ತು.

ಸಮುದ್ರವನ್ನು ಮಾತ್ರ ಅವರು ನೋಡಿರಲಿಲ್ಲ. ಮಹಾಕಾವ್ಯದಲ್ಲಿ ಅಷ್ಟಾದಶ ವರ್ಣನೆಗಳಿರಬೇಕೆಂಬುದು ಲಾಕ್ಷಣಿಕರ ಮತ. ಅವುಗಳಲ್ಲಿ ಸಮುದ್ರವರ್ಣನೆ ಒಂದು, ಚಂದ್ರೋದಯ ಒಂದು, ಜಲಕ್ರೀಡೆ ಇನ್ನೊಂದು. ಇಪ್ಪತ್ತೇಳು ವರ್ಷ ಅವರು ಇವನ್ನು ತರಗತಿಯಲ್ಲಿ ವಿವರಿಸಿದ್ದರು. ಚಂದ್ರನನ್ನು ಕಂಡು ಕಡಲು ಉಕ್ಕುವುದೆಂದರೆ ಮಗನನ್ನು ಕಂಡ ತಂದೆಯ ಹರ್ಷದಂತೆ ಎಂದು ಹೇಳುವಾಗ ಅವರ ಕಂಠ ಗದ್ಗದಿಸುತ್ತಿತ್ತೆಂದು ಶಿಷ್ಯರು ಇಂದಿಗೂ ನೆನೆಯುತ್ತಾರೆ. ಕಾಣದ ವಸ್ತುವಿನ ವಿಷಯದಲ್ಲಿ ಇಷ್ಟೊಂದು ನಿರರ್ಗಳವಾಗಿ ಮಾತನಾಡಬಲ್ಲವರು ಪಂಡಿತರು ಮಾತ್ರ ಎಂದು ವಿಜ್ಞಾನದ ಉಪಾಧ್ಯಾಯರು ಒಮ್ಮೆ ವಿನೋದಕ್ಕೆ ಆಡಿದ ಮಾತು ಅವರಿಗೆ ನಾಟಿತು. 1986ರ ಜನವರಿಯಲ್ಲಿ, ಪುಷ್ಯದ ಹುಣ್ಣಿಮೆಗೆ ಮೂರು ದಿನ ಮೊದಲು, ಒಂಬತ್ತನೆಯ ತರಗತಿಯ ಹನ್ನೊಂದು ಮಂದಿ ಹುಡುಗರು, ಎರಡು ಕ್ಯಾನ್ವಾಸ್ ಗುಡಾರ, ಒಂದು ಮೂಟೆ ಅಕ್ಕಿ, ಇಷ್ಟರೊಡನೆ ಅವರು ಪಡುವಣ ಕಡಲಿನತ್ತ ಹೊರಟರು.

ತೀರ್ಥಹಳ್ಳಿ, ಮಾಸ್ತಿಕಟ್ಟೆಗಳನ್ನು ದಾಟಿ ಹುಲಿಕಲ್ ಘಾಟಿಯನ್ನಿಳಿದ ಬಸ್ಸು ಹೊಸಂಗಡಿ, ಸಿದ್ದಾಪುರಗಳ ಮೂಲಕ ಕುಂದಾಪುರವನ್ನು ಸೇರಿತು. ಆಗ ವಾರಾಹಿ ಜಲವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲ. ಭೂಗರ್ಭದ ಆ ವಿದ್ಯುದಾಗಾರ ಕಾರ್ಯಾರಂಭ ಮಾಡಿದ್ದು 1989ರಲ್ಲಿ. ಉಡುಪಿ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ಅದು 1997ರ ಮಾತು. ಬ್ರಹ್ಮಾವರ, ಬೈಂದೂರುಗಳು ತಾಲ್ಲೂಕುಗಳಾದದ್ದು ಮತ್ತೂ ಈಚೆಗೆ. ರೈಲಂತೂ ಇಲ್ಲವೇ ಇಲ್ಲ. ನೀರಿನ ದಾರಿಗೆ ಇದಾವುದೂ ಸಂಬಂಧಿಸಿದುದಲ್ಲವಾದರೂ, ಆ ತೀರ ಆಗ ಎಷ್ಟು ನಿಶ್ಶಬ್ದವಾಗಿತ್ತೆಂಬುದನ್ನು ಇಂದಿನ ವಾಚಕರು ಊಹಿಸಿಕೊಳ್ಳಲು ಇಷ್ಟು ಹೇಳಬೇಕಾಯಿತು.

ಮೊದಲ ಬೀಡು ಬಾರ್ಕೂರಿನಲ್ಲಿ, ಸೀತಾನದಿಗೆ ಸಮೀಪದ ಒಂದು ತೋಟದಲ್ಲಿ. ಆಳುಪರಿಗೆ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತಕೇಂದ್ರವಾಗಿ ಮೆರೆದ ಊರು ಅದು. ಚೌಳಿಕೇರಿ, ಮಣಿಗಾರಕೇರಿ, ಮೂಡುಕೇರಿ, ಕೋಟೆಕೇರಿ ಎಂದು ಕೇರಿಗಳ ಹೆಸರನ್ನು ಹೇಳುತ್ತ ಹೋದರೆ ಹಳೆಯ ಶಾಸನವನ್ನು ಓದಿದಂತಾಗುತ್ತದೆ. ಕತ್ತಲೆ ಬಸದಿಯ ಕಲ್ಲುಗಳ ನಡುವೆ ಪಂಡಿತರು ಎರಡು ಗಂಟೆ ಇತಿಹಾಸ ಹೇಳಿದರು. ಹುಡುಗರಿಗೆ ಹಸಿವು. ಮರುದಿನ ಕೋಟ, ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರೆಂದು ಅಲ್ಲಿನ ಮಣ್ಣನ್ನು ಮುಟ್ಟಿಸಿ, ಕಡಲಿಗೂ ಹೊಳೆಗೂ ನಡುವೆ ಬಾಳುವ ಜನರ ಕಥೆಯಾದ ‘ಮರಳಿ ಮಣ್ಣಿಗೆ’ಯನ್ನು ಓದಿರೆಂದು ಆಜ್ಞಾಪಿಸಿದರು. ಅಂದು ಸಂಜೆ ಕೋಡಿಯ ಮರಳಿನಲ್ಲಿ ನಿಂತು ಅವರು ಮೊದಲ ಸಲ ಸಮುದ್ರವನ್ನು ನೋಡಿದರು. ಏನಾದರೂ ಹೇಳಿಯಾರೆಂದು ಹನ್ನೊಂದು ಮಂದಿಯೂ ಅವರ ಮುಖವನ್ನೇ ನೋಡುತ್ತಿದ್ದರು. ಅವರು ಏನನ್ನೂ ಹೇಳಲಿಲ್ಲ; ಪಂಚೆಯನ್ನು ಮೊಳಕಾಲಿಗೆತ್ತಿ ಕಟ್ಟಿ ನೀರಿಗಿಳಿದರು.

ಹುಣ್ಣಿಮೆಯ ದಿನ ಮರವಂತೆಗೆ ಬಂದರು. ಈ ಸ್ಥಳದ ವೈಚಿತ್ರ್ಯ ಅನೇಕರಿಗೆ ವಿದಿತವೇ ಇದೆ. ಕೊಡಚಾದ್ರಿಯ ಮಡಿಲಿನಿಂದ ಕೊಲ್ಲೂರಿನ ಮೂಲಕ ಹರಿದುಬರುವ ಸೌಪರ್ಣಿಕೆ ಇಲ್ಲಿ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದು, ಇನ್ನೇನು ಸೇರಿದಳೆನ್ನುವಾಗ ಮುಖ ತಿರುಗಿಸಿ ದಕ್ಷಿಣಕ್ಕೆ ಸರಿದುಬಿಡುತ್ತಾಳೆ. ಮುಂದೆ ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಕೂಡಿ ಪಂಚಗಂಗಾವಳಿಯಾಗಿ ಸಮುದ್ರವನ್ನು ಹೊಗುತ್ತಾಳೆ. ಒಂದು ಪಕ್ಕದಲ್ಲಿ ಮೊರೆಯುವ ಕಡಲು, ಇನ್ನೊಂದು ಪಕ್ಕದಲ್ಲಿ ಕನ್ನಡಿಯಂತಹ ಹೊಳೆ, ನಡುವೆ ಹೆದ್ದಾರಿ. ಸುಪರ್ಣನು ತಪಸ್ಸು ಮಾಡಿದುದರಿಂದ ಸೌಪರ್ಣಿಕೆಯೆಂಬ ಹೆಸರು ಬಂದಿತೆಂದು ಐತಿಹ್ಯ. ಹೊಳೆಯ ಮಗ್ಗುಲು ಪಂಡಿತರಿಗೆ ಬಹಳ ಹಿಡಿಸಿತು. ಅಲೆಯಿಲ್ಲ, ಸದ್ದಿಲ್ಲ, ತೆಂಗಿನ ನೆರಳು. ತಮ್ಮ ಕೆರೆಯೇ ಇಲ್ಲಿಗೆ ಬಂದು ಮಲಗಿದಂತೆ ಅವರಿಗೆ ತೋರಿತು. ದಡದಿಂದ ಮುಂದಕ್ಕೆ ಅಗಲವಾಗಿ ಚಾಚಿಕೊಂಡಿದ್ದ ಮರಳಿನ ಹಾಸು ಸಮತಟ್ಟಾಗಿ, ನುಣ್ಣಗೆ ಇತ್ತು. ಅದರ ಮೇಲ್ಬದಿಯಲ್ಲಿ ಒಣಗಿದ ಕಸಕಡ್ಡಿ, ತೆಂಗಿನ ಸಿಪ್ಪೆಗಳು ಒಂದು ಗೆರೆಯಾಗಿ ಬಿದ್ದಿದ್ದವು. ಗುಡಾರಗಳನ್ನು ಆ ಗೆರೆಯಿಂದ ಕೆಳಗೆ, ಶುಭ್ರವಾದ ಮರಳಿನ ಮೇಲೆ ಹೂಡಿಸಿದರು.

ಸಂಜೆ ಐದರ ಸಮಯ. ಮೊಣಕಾಲುದ್ದದ ನೀರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ ಮುದುಕಿಯೊಬ್ಬಳು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಅವರ ಬಳಿಗೆ ಬಂದಳು. “ಹ್ವಾಯ್ ಮಾಸ್ಟ್ರೆ, ಇಲ್ಲ್ ಮನಿಕಂಬುದ್ ಬ್ಯಾಡ. ರಾತ್ರಿಗ್ ನೀರ್ ಬಪ್ಪುದ್” ಎಂದಳು.

ಪಂಡಿತರ ಮುಖ ಅರಳಿತು. “ಕೇಳಿದಿರೇನೋ! ಬಪ್ಪುದು!” ಎಂದು ಹುಡುಗರತ್ತ ತಿರುಗಿದರು. ಹಳಗನ್ನಡದಲ್ಲಿ ‘ಬರ್ಪ’, ‘ಪೋಪ’ ಎಂಬ ರೂಪಗಳುಂಟು. ಪಕಾರವು ಅಲ್ಲಿ ಭವಿಷ್ಯತ್ತನ್ನು ಸೂಚಿಸುತ್ತದೆ. ನಡುಗನ್ನಡದಲ್ಲಿ ರೇಫೆ ಬಿದ್ದು ಮುಂದಿನ ವ್ಯಂಜನ ಇಮ್ಮಡಿಯಾಗಿ ‘ಬಪ್ಪ’ ಎಂದಾಗುತ್ತದೆ. ನಮ್ಮ ಸೀಮೆಯಲ್ಲಿ ಗ್ರಂಥಗಳಲ್ಲಷ್ಟೇ ಉಳಿದ ಈ ರೂಪವನ್ನು ಈ ತಾಯಿ ಅಕ್ಷರ ಕಲಿಯದೆಯೇ ನಾಲಗೆಯ ಮೇಲೆ ಕಾಪಾಡಿಕೊಂಡು ಬಂದಿದ್ದಾಳೆ, ನೋಡಿರಿ. ವಿವರಣೆ ಮುಂದುವರಿಯಿತು. ಮುದುಕಿ ಕೊಂಚ ಹೊತ್ತು ನಿಂತು ಕೇಳಿ, ಇವರಿಗೆ ತಿಳಿಯಿತೆಂದುಕೊಂಡು ಹೋದಳು. ಕುಂದಾಪುರದ ಆಡುಮಾತಿನ ವ್ಯಾಕರಣವನ್ನು ಕುರಿತು ಇದಕ್ಕಿಂತ ಸೊಗಸಾದ ಪಾಠ ಯಾವ ತರಗತಿಯಲ್ಲಿಯೂ ನಡೆದಿರಲಾರದು. ಆದರೆ ಭವಿಷ್ಯತ್ಕಾಲದ ಕ್ರಿಯಾಪದದ ಹಿಂದೆ ಬರಲಿದ್ದ ನೀರಿನ ಕಡೆಗೆ ಗುರುವಿನ ಗಮನ ಹರಿಯಲಿಲ್ಲ.

ಚಂದ್ರೋದಯವಾಯಿತು. ಪೂರ್ವದ ಗುಡ್ಡಗಳ ಮೇಲಿನಿಂದ ಬೆಳುದಿಂಗಳು ಹೊಳೆಯುದ್ದಕ್ಕೂ ಹಾಸಿಕೊಂಡಿತು. ಊಟವಾದ ಮೇಲೆ ಪಂಡಿತರು ಚಂದ್ರೋದಯದ ಪದ್ಯಗಳನ್ನು ರಾಗವಾಗಿ ಓದಿ, ಕಡಲು ಉಕ್ಕುವ ಬಗೆಯನ್ನೂ ಬಣ್ಣಿಸಿ, ಹತ್ತು ಗಂಟೆಗೆ ಎಲ್ಲರನ್ನೂ ಮಲಗಿಸಿದರು.

ಸಮುದ್ರ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ದಿನದಿಂದ ದಿನಕ್ಕೆ ಆ ವೇಳೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡುವುದರಿಂದ ಏರಿಳಿತ ಹೆಚ್ಚು. ಈ ತೀರದಲ್ಲಿ ಅಂದಿನ ಏರು ಮಧ್ಯಾಹ್ನಕ್ಕೂ ಮಧ್ಯರಾತ್ರಿಗೂ ಹತ್ತಿರ ಹತ್ತಿರ, ಇಳಿತ ಸಂಜೆಗೆ. ನದೀಮುಖದಿಂದ ಉಪ್ಪುನೀರು ಹೊಳೆಯೊಳಗೆ ಹಿಂದಕ್ಕೆ ಹರಿದು ಬರುವುದರಿಂದ ಹೊಳೆಯೂ ಕಡಲಿನೊಡನೆ ಏರುತ್ತದೆ, ಇಳಿಯುತ್ತದೆ. ಕಸಕಡ್ಡಿಯ ಗೆರೆ ಹಿಂದಿನ ಏರಿನ ರುಜು. ಇದನ್ನು ಮೀನುಗಾರರ ಕೇರಿಯ ಐದು ವರ್ಷದ ಮಗುವೂ ಬಲ್ಲದು.

ಪಂಡಿತರಿಗೆ ಎಚ್ಚರವಾದದ್ದು ಬೆನ್ನಿನಡಿಯ ತಣ್ಪಿನಿಂದ. ಎದ್ದು ಕಾಲೂರಿದರೆ ಗುಡಾರದೊಳಗೆ ಗೇಣುದ್ದ ನೀರು. ಹೊರಗೆ ಮರಳಿನ ಹಾಸೇ ಇರಲಿಲ್ಲ. ನಡುನೆತ್ತಿಯ ಚಂದ್ರನ ಕೆಳಗೆ ಎಲ್ಲೆಡೆಯೂ ನೀರು. ಕೂಗಿ ಎಬ್ಬಿಸಿ, ಕೈ ಹಿಡಿದೆಳೆದು ಹುಡುಗರನ್ನು ತೆಂಗಿನ ದಿಬ್ಬಕ್ಕೆ ಹತ್ತಿಸಿದರು. ಅಕ್ಕಿಯ ಮೂಟೆ ನೆನೆಯಿತು. ಇಪ್ಪತ್ತು ವರ್ಷದ ಟಿಪ್ಪಣಿಗಳಿದ್ದ ಚೀಲ ತೇಲಿಹೋಯಿತು. ಅದರತ್ತ ಅವರು ತಿರುಗಿಯೂ ನೋಡಲಿಲ್ಲ, ಏಕೆಂದರೆ ಎಣಿಸಿದಾಗ ಹುಡುಗರು ಹತ್ತೇ ಮಂದಿ ಇದ್ದರು.

ಇಲ್ಲದವನು ಎಲ್ಲರಿಗಿಂತ ಚಿಕ್ಕವನು. ತಂದೆಯಿಲ್ಲದ ಹುಡುಗ, ಈಜು ಬಾರದು. ಅವನನ್ನು ಕಳಿಸಲು ತಾಯಿ ಒಪ್ಪಿರಲಿಲ್ಲ. ಪಂಡಿತರೇ ಮನೆಗೆ ಹೋಗಿ, ‘ನನ್ನ ಮಗನಂತೆ ನೋಡಿಕೊಳ್ಳುತ್ತೇನೆ’ ಎಂದು ಮಾತು ಕೊಟ್ಟು ಕರೆತಂದಿದ್ದರು. ಅವರು ಎದೆಮಟ್ಟದ ನೀರಿಗಿಳಿದು ಬಿದ್ದ ಗುಡಾರದ ಬಟ್ಟೆಯನ್ನು ಕೈಯಿಂದ ತಡಕಿದರು. ಹೆಸರು ಹಿಡಿದು ಕೂಗಿದರು. ಹೆದ್ದಾರಿಯಾಚೆಯ ಕಡಲಿನ ಮೊರೆತದಲ್ಲಿ ಆ ಕೂಗು ಎಷ್ಟು ದೂರ ಹೋದೀತು? ದಿಬ್ಬದ ಮೇಲಿದ್ದ ಹುಡುಗರಲ್ಲಿ ಇಬ್ಬರು ಅಳತೊಡಗಿದರು. ಅರ್ಧ ಗಂಟೆ ಹೀಗೆ ಕಳೆಯಿತು. ಆ ಅರ್ಧ ಗಂಟೆಯ ವಿಷಯವನ್ನು ಪಂಡಿತರು ಯಾರೊಡನೆಯೂ ಮಾತನಾಡಿದವರಲ್ಲ.

ಆಮೇಲೆ ದೂರದಲ್ಲಿ ಲಾಟೀನಿನ ಬೆಳಕು ಕಾಣಿಸಿತು. ಮುದುಕಿ, ಅವಳ ಮಗ, ಅವರ ಮುಂದೆ ಆ ಹುಡುಗ. ಮುದುಕಿಯ ಮಾತಿನಲ್ಲಿ ಅವನು ವ್ಯಾಕರಣವನ್ನು ಕೇಳಿರಲಿಲ್ಲ, ಅರ್ಥವನ್ನು ಕೇಳಿದ್ದನು. ಮಲಗುವ ಮುನ್ನ ನೀರಿನಂಚಿಗೆ ಒಂದು ಕಡ್ಡಿ ಚುಚ್ಚಿದ್ದನು. ನಿದ್ರೆ ಬಾರದೆ ಎದ್ದುನೋಡಿದಾಗ ಕಡ್ಡಿ ಇರಲಿಲ್ಲ. ಮತ್ತೊಂದನ್ನು ಗುಡಾರದ ಬಳಿಗೆ ಚುಚ್ಚಿದನು; ಅದರ ಬುಡಕ್ಕೂ ನೀರು ಬಂದಿತು. ಆಗ ಸಂಜೆ ಮುದುಕಿ ಹೋದ ದಾರಿಯನ್ನು ಹಿಡಿದು ಕೇರಿಗೆ ಓಡಿ, ಯಾವ ಮನೆಯೆಂದು ತಿಳಿಯದೆ ಮೂರು ಬಾಗಿಲುಗಳನ್ನು ತಟ್ಟಿದ್ದನು.

“ನನ್ನನ್ನೇಕೆ ಎಬ್ಬಿಸಲಿಲ್ಲವೋ?” ಎಂದು ಪಂಡಿತರು ಕೇಳಿದರು.

ಹುಡುಗ ತಲೆ ತಗ್ಗಿಸಿದನು. “ಬೈಯುತ್ತೀರೇನೋ ಎಂದು ಹೆದರಿಕೆಯಾಯಿತು ಸಾರ್.”

ಉಳಿದ ರಾತ್ರಿಯನ್ನು ಅವರೆಲ್ಲ ಮುದುಕಿಯ ಮನೆಯ ಜಗಲಿಯಲ್ಲಿ ಕಳೆದರು. ಆಕೆ ಗಂಜಿ ಕಾಯಿಸಿ ಬಡಿಸಿದಳು. ಒಂದು ಮಾತೂ ಆಕ್ಷೇಪಣೆಯದಿರಲಿಲ್ಲ. ಬೆಳಿಗ್ಗೆ ಅವಳ ಮಗ ಪಂಡಿತರನ್ನು ದಡಕ್ಕೆ ಕರೆದೊಯ್ದು, ಕಸದ ಗೆರೆ ಎಲ್ಲಿ, ಮಳೆಗಾಲದ ಗೆರೆ ಎಲ್ಲಿ, ತೆಂಗಿನ ಬುಡದಲ್ಲಿ ಉಪ್ಪಿನ ಕಲೆ ಎಷ್ಟು ಎತ್ತರಕ್ಕಿದೆ ಎಂದು ತೋರಿಸಿದನು. ಇಪ್ಪತ್ತೇಳು ವರ್ಷ ಪಾಠ ಹೇಳಿದವರು ಅಂದು ಕೈಕಟ್ಟಿ ನಿಂತು ಪಾಠ ಕೇಳಿದರು. ಅಂದೇ ಹಿಂದಿರುಗಬೇಕೆಂದಿದ್ದರೂ ಹುಡುಗರ ಒತ್ತಾಯಕ್ಕೆ ಬೈಂದೂರಿಗೆ ಹೋಗಿ, ಒತ್ತಿನೆಣೆಯ ಗುಡ್ಡದ ಮೇಲಿನಿಂದ ಸೂರ್ಯಾಸ್ತವನ್ನು ನೋಡಿದರು. ಕವಿ ಗೋಪಾಲಕೃಷ್ಣ ಅಡಿಗರ ಹುಟ್ಟೂರಾದ ಮೊಗೇರಿ ಈ ದಾರಿಗೆ ಸಮೀಪ. ಅದನ್ನು ಕುರಿತು ಪಂಡಿತರು ಎರಡೇ ವಾಕ್ಯ ಹೇಳಿದರೆಂದರೆ ಅವರ ಮನಸ್ಸಿನ ಸ್ಥಿತಿಯನ್ನು ತಿಳಿಯಬಹುದು.

ಊರಿಗೆ ಬಂದವರೇ ನಡೆದುದನ್ನೆಲ್ಲ ಬರೆದು ಮುಖ್ಯೋಪಾಧ್ಯಾಯರ ಕೈಗಿತ್ತರು. ‘ಎಚ್ಚರಿಕೆಯ ಮಾತನ್ನು ಕೇಳಿಯೂ ಕೇಳದವನು ನಾನು, ತಪ್ಪು ಪೂರ್ತಿ ನನ್ನದು’ ಎಂದು ಅದರಲ್ಲಿತ್ತು. ಮುಖ್ಯೋಪಾಧ್ಯಾಯರು ಕಾಗದವನ್ನು ಮಡಿಸಿ ಮೇಜಿನಲ್ಲಿಟ್ಟರೇ ಹೊರತು ಏನನ್ನೂ ಹೇಳಲಿಲ್ಲ. ಹುಡುಗನ ತಾಯಿಯ ಮನೆಗೂ ಪಂಡಿತರು ತಾವೇ ಹೋದರು. ಆಕೆ ಎಲ್ಲವನ್ನೂ ಕೇಳಿ, ‘ನನ್ನ ಮಗ ನಿಮ್ಮನ್ನೆಲ್ಲ ಉಳಿಸಿದನೇ?’ ಎಂದು ಮತ್ತೆ ಮತ್ತೆ ಕೇಳಿದಳಂತೆ.

ಈಗ ಆ ತೀರ ಬದಲಾಗಿದೆ. ಹೆದ್ದಾರಿಯ ಸಂಖ್ಯೆ ಹದಿನೇಳು ಹೋಗಿ ಅರುವತ್ತಾರಾಗಿದೆ, ದಾರಿ ನಾಲ್ಕು ಪಥದ್ದಾಗಿದೆ. 1998ರಿಂದ ಕೊಂಕಣ ರೈಲು ಬಾರ್ಕೂರು, ಕುಂದಾಪುರ, ಬೈಂದೂರುಗಳಲ್ಲಿ ಓಡುತ್ತಿದೆ. ಮರವಂತೆಯ ಕಡಲಂಚಿನಲ್ಲಿ ಕೊರೆತ ತಡೆಯಲೆಂದು ಬಂಡೆಗಳನ್ನು ಒಡ್ಡಿದ್ದಾರೆ. ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾವನಗಳ ನಡುವೆ ಪ್ರವಾಸಿಗರು ಕಯಾಕ್ ದೋಣಿಗಳಲ್ಲಿ ಕುಳಿತು ಹುಟ್ಟು ಹಾಕುತ್ತಾರೆ. ಅವೂ ಏರಿಳಿತದ ವೇಳೆ ನೋಡಿಯೇ ಹೊರಡತಕ್ಕವು. ಆದರೂ ವಾಹನಗಳ ಸದ್ದನ್ನು ಬಿಟ್ಟು ಒಳದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ, ಕುದ್ರುಗಳ ನಡುವೆ ಹೊಳೆ ಅಂದಿನಂತೆಯೇ ಮಲಗಿರುವುದು ಕಾಣುತ್ತದೆ, ಮಲಗಿದೆಯೆಂದು ನಂಬಬಾರದಷ್ಟೆ.

ಮರುವರ್ಷ ಬೀಡು ನಡೆಯಲಿಲ್ಲ. ಅದರ ಮುಂದಿನ ವರ್ಷ ಪಂಡಿತರು ಮತ್ತೆ ಅದೇ ಹೊಳೆಗೆ ಹೊರಟರು. ಗುಡಾರಗಳನ್ನು ತೆಂಗಿನ ದಿಬ್ಬದ ಮೇಲೆ, ಮುದುಕಿಯ ಮಗ ಕಾಲಿನಿಂದ ಗೆರೆ ಎಳೆದು ತೋರಿಸಿದ ಜಾಗದಲ್ಲಿಯೇ ಹೂಡಿದರು. ನೀರಿನಂಚಿನಲ್ಲಿ ಒಂದು ಕೋಲು ನೆಟ್ಟು, ಎರಡೆರಡು ಗಂಟೆಗೆ ಒಬ್ಬ ಹುಡುಗ ಕಾವಲಿರುವಂತೆ ಏರ್ಪಾಟಾಯಿತು. ಮಲಗುವಾಗ ಪಂಡಿತರು ಚೀಲದಿಂದ ಒಂದು ಉಂಡೆ ದಾರವನ್ನು ತೆಗೆದು, ಅದರ ಒಂದು ತುದಿಯನ್ನು ತಮ್ಮ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಕಾವಲಿನ ಹುಡುಗನ ಕೈಗೆ ಕೊಟ್ಟು, “ಮಾತನಾಡಬೇಡ, ಎಳೆ” ಎಂದರು. ಆ ರಾತ್ರಿ ಅವನು ಏಳು ಸಲ ಎಳೆದನು. ಏಳು ಸಲವೂ ಅವರು ಎದ್ದು ಹೋಗಿ ಕೋಲನ್ನು ನೋಡಿ ಬಂದು ಮಲಗಿದರು.