ನೆಲೋಗಿಯ ಎರೆಮಣ್ಣು, ನೀರಿನ ಸೊಪ್ಪು

ಜೇವರ್ಗಿ ತಾಲ್ಲೂಕಿನ ನೆಲೋಗಿ ಸೀಮೆಯದು ತೊಗರಿ, ಜೋಳ ಬೆಳೆಯುವ ಕಪ್ಪು ಎರೆಭೂಮಿ. ರೊಟ್ಟಿಯೊಡನೆ ಪುಂಡಿಪಲ್ಯ ಉಣ್ಣುವ ಈ ಜನಕ್ಕೆ, ಮಣ್ಣಿಲ್ಲದೆ ನೀರಿನಲ್ಲೇ ಬೆಳೆದು ಬೆಂಗಳೂರಿನಲ್ಲಿ ಮಾರಾಟವಾಗುವ ಹೈಡ್ರೋಪೋನಿಕ್ಸ್ ಸೊಪ್ಪು ಸೋಜಿಗವೇ ಸರಿ. ಸಾವಯವ ಗೊಬ್ಬರ ಹಾಕಿದ್ದೆಂದರೆ ಒಪ್ಪಬಹುದೇ?

ವಿದ್ಯಾರ್ಥಿಗಳೇ, ಸಗಣಿ, ಹಿಂಡಿಗಳಲ್ಲಿನ ಸಾರಜನಕ ಬೇರಿಗೆ ಸುಲಭವಾಗಿ ದಕ್ಕದು. ಸೂಕ್ಷ್ಮಜೀವಿಗಳು ಅದನ್ನು ಅಮೋನಿಯ, ಬಳಿಕ ನೈಟ್ರೇಟ್ ಆಗಿಸಬೇಕು. ಎರೆಮಣ್ಣಿನಲ್ಲಿ ಇದು ತಾನಾಗಿ ನಡೆಯುತ್ತದೆ. ತೊಟ್ಟಿಯ ನೀರಿನಲ್ಲಿ ಆ ಜೀವಿಗಳನ್ನು ಗಾಳಿಯೂಡಿ ಸಾಕಬೇಕು. ಇಂಥ ಬೆಳೆಗೆ ಅಮೆರಿಕದಲ್ಲಿ ಸಾವಯವ ಮುದ್ರೆ ಸಿಗುತ್ತದೆ; ನೆಲದ ನಂಟು ಕೇಳುವ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ.

ಆದ್ದರಿಂದ ಪಾಲಕರು ಮುದ್ರೆಯೊಂದನ್ನೇ ನಂಬದೆ ಕೇಳಲಿ: ಕಿತ್ತದ್ದು ಎಂದು? ಉಣಿಸಿದ ನೀರು ಯಾವುದು? ಔಷಧಿ ಹೊಡೆದು ಎಷ್ಟು ದಿನವಾಯಿತು? ನೆಲೋಗಿಯ ಸೊಪ್ಪಿಗೂ ಈ ಪ್ರಶ್ನೆಗಳು ತಪ್ಪಿದ್ದಲ್ಲ.